ನಾನು ಅಳಿಸಿದ ಸಾಲು

ನಂಬಿ ಎಂದು ನಾನು ಯಾರಿಗೂ ದುಂಬಾಲು ಬೀಳುವುದಿಲ್ಲ. ನಡೆದದ್ದು ಇಷ್ಟು.

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಅಕ್ಕ, ನಾನು ಇಬ್ಬರೂ ವೆಬ್‌ಸೈಟುಗಳಿಗೆ ಅನುವಾದ ಮಾಡುತ್ತಿದ್ದೆವು. ನೇರವಾಗಿ ವೆಬ್‌ಸೈಟಿನಲ್ಲಿ ಟೈಪ್ ಮಾಡುವುದೆಂದರೆ ಅವಳಿಗೆ ಆಗದು. ಪ್ರತಿ ಪ್ಯಾರಾವನ್ನೂ ಮೊದಲು ಪೆನ್ಸಿಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸುವಳು. ನಾನು ನಕ್ಕರೆ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟಿ, "ಕಳ್ಕೊಂಡ್ಮೇಲೆ ಬಾಯ್‌ಬಾಯಿ ಬಡ್ಕೋಬೇಡ ಕಣೇ" ಎನ್ನುವಳು.

ಅವಳು ತೀರಿಕೊಂಡ ಮರುವಾರ, ಮಟಮಟ ಮಧ್ಯಾಹ್ನ, ಅದೇ ಕೋಣೆಯಲ್ಲಿ ಕೂತು ಪತ್ರಿಕೆಯೊಂದರ ವೆಬ್‌ಸೈಟಿನಲ್ಲಿ ಅವಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೆ. 'ಕೊನೆಯ ದಿನ ಮೂರು ಸಲ ಫೋನ್ ಮಾಡಿದಳು. ಜಗಳವಾಡಿದ ಸಿಟ್ಟಿಗೆ ನಾನು ಬೇಕೆಂದೇ ಎತ್ತಲಿಲ್ಲ' ಎಂದು ಬರೆದು, ನಾಚಿಕೆಯಾಗಿ ಅಳಿಸಿದೆ.

ಎದುರಿನ ಖಾಲಿ ಮೇಜಿನಿಂದ ಟಕ್ ಟಕ್ ಎಂದು ಸದ್ದಾಯಿತು. ಆ ಸೆಕೆಯಲ್ಲೂ ಕೀಲಿಮಣೆ ತಣ್ಣಗೆ ಕೊರೆಯುತ್ತಿತ್ತು. ಮತ್ತೆ ಟಕ್ ಟಕ್. ನಾನು ತಲೆ ಎತ್ತದೆ, ಗಾಬರಿಯಲ್ಲಿ ಕಳುಹಿಸುವ ಗುಂಡಿ ಒತ್ತಿದೆ. ಪುಟ ಬೆಳ್ಳಗಾಗಿ, 'ಮತ್ತೆ ಲಾಗಿನ್ ಆಗಿ' ಎಂದಿತು. ಬರೆದದ್ದೆಲ್ಲ ಹೋಗಿತ್ತು.

ನನ್ನ ಅಳು ಕೇಳಿ ಭಾವ ಓಡಿಬಂದರು.

"ಬರ್ದಿದ್ದೆಲ್ಲ ಹೋಯ್ತು ಭಾವ."

ಅವರು ಅಕ್ಕನ ಮೇಜಿನ ಮೇಲೆ ತೆರೆದಿದ್ದ ನೋಟ್‌ಬುಕ್ಕಿನತ್ತ ಕಣ್ಣು ಹಾಯಿಸಿ, "ಇಲ್ಲೇ ಇದ್ಯಲ್ಲಮ್ಮ, ನೀನೇ ತಾನೆ ಬರ್ಕೊಂಡಿದ್ದು?" ಎಂದರು.

ಅಕ್ಷರ ಅಕ್ಕನದು. ಮಾತುಗಳು ನನ್ನವು, ಒಂದೂ ಬಿಟ್ಟಿರಲಿಲ್ಲ. ಮುಟ್ಟಿದರೆ ಪೆನ್ಸಿಲಿನ ಕಪ್ಪು ಬೆರಳಿಗೆ ಮೆತ್ತಿತು. ನಾನು ಅಳಿಸಿದ್ದ ಸಾಲೂ ಅಲ್ಲಿತ್ತು. ಅದರಲ್ಲಿ 'ಬೇಕೆಂದೇ' ಎಂಬ ಒಂದು ಪದದ ಮೇಲೆ ಮಾತ್ರ ಎರಡು ಗೆರೆ ಎಳೆದು ಅದನ್ನು ಹೊಡೆದುಹಾಕಲಾಗಿತ್ತು.