ರಾಟೆ ನೋಡುತ್ತಿದ್ದವನು

ಮಾಸೂರಿನ ಮದಗದ ಕೆರೆಯ ಕೆಳಗಿನ ಕೆಸರನ್ನು ನೀವು ನೋಡಿಲ್ಲ. ಆನೆ ಇಳಿದರೆ ಸೊಂಡಿಲ ತುದಿ ಮಾತ್ರ ಮೇಲೆ ಉಳಿಯುತ್ತದೆ! ನಂಬದಿದ್ದರೆ ಬಿಡಿ. ಆದರೆ ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಒಂದು ಸೋಮವಾರ, ಅಲ್ಲೊಂದು ಜೀಪು ಹೊಟ್ಟೆಯ ತನಕ ಹೂತಿದ್ದು ಮಾತ್ರ ಸುಳ್ಳಲ್ಲ.

ಅದರ ಪಕ್ಕ ಕೆಸರಿನ ಗೊಂಬೆಯಂತೆ ನಿಂತಿದ್ದವನು ಮಹಾಲಿಂಗಪ್ಪ. ಮಿಲಿಟರಿಯಲ್ಲಿ ಗಾಡಿ ರಿಪೇರಿ ಮಾಡಿ ಬಂದವನು. ಹರಾಜಿನಲ್ಲಿ ಹಿಡಿದ ಮುರುಕು ಜೀಪಿಗೆ ಹಿರೇಕೆರೂರಿನ ಉಸ್ಮಾನಸಾಬನ ಕುಲುಮೆಯಲ್ಲಿ ಒಂದೊಂದೇ ಸಾಮಾನು ಜೋಡಿಸಿ ಜೀವ ತುಂಬಿದ್ದ. ರಸ್ತೆಯೇ ಬೇಡದ ಗಾಡಿ ಎಂದು ನಾಲ್ಕೂರಿಗೆ ಸಾರಿಕೊಂಡಿದ್ದ.

ಎದುರಿಗೆ ಜೋಡೆತ್ತು ಹಿಡಿದು ನಿಂತವಳು ಕರಿಬಸಪ್ಪನ ಮಗಳು ದಾನವ್ವ. ಅವಳ ನಾಲಗೆಯ ಮುಂದೆ ಊರಿನ ಕುಡುಗೋಲುಗಳೆಲ್ಲ ಮೊಂಡು!

“ಗಾಲಿ ನಾಕ ಅದಾವಲ್ರಿ. ಎರಡ ದುಡೀತಾವ, ಎರಡ ಬೀಗರಂಗ ಕುಂತಾವಲ್ಲ?”

“ಮುಂದಿನ ಗಾಲಿಗೆ ಇಂಜಿನ್ನಿನ ಬಲ ಒಯ್ಯೋ ದಂಡ ಒಂದ ಕಡಿಮಿ ಐತ್ರಿ. ಅದು ಸಿಕ್ರ ನಾಕೂ ದುಡೀತಾವ.”

ಗದ್ದೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗೆಗೆ ಕೆರೆಯ ನೀರು ಒಂದು ಮೊಳ ಏರಿತು!

ಎತ್ತುಗಳು ಜೀಪನ್ನು ದಡಕ್ಕೆ ಎಳೆದು ಹಾಕಿದವು. ಕೈಕಾಲು ತೊಳೆಯಲು ಅವನು ದಾನವ್ವನ ಮನೆಯ ಬಾವಿಗೆ ಬಂದ. ಅವಳು ನೀರು ಸೇದಿ ಕೊಟ್ಟಳು. ಅವನು ಕುಡಿಯುತ್ತ ಕತ್ತೆತ್ತಿ ಬಾವಿಯ ರಾಟೆ ನೋಡಿದ... ನೋಡಿದ... ನೋಡುತ್ತಲೇ ನಿಂತ. ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ.

‘ಎಷ್ಟು ಸೊಕ್ಕು ಇವನಿಗೆ... ನಾನೇನು ಗೋಡೆಯೇ?’

ಮುಂದಿನ ಸೋಮವಾರ ಮತ್ತೆ ಅದೇ ಕೆಸರು, ಅದೇ ಎತ್ತು, ಅದೇ ಬಾವಿ. ಅವನು ಮತ್ತೆ ರಾಟೆಯನ್ನೇ ನೋಡಿದ. ಅವಳು ಅಂದು ಹೊಸ ಇಳಕಲ್ ಸೀರೆ ಉಟ್ಟದ್ದು ವ್ಯರ್ಥವಾಯಿತು.

ಮೂರನೆಯ ಸೋಮವಾರ ಜೀಪು ಎಳೆಯುವಾಗ ನೊಗ ಒತ್ತಿ ಒಂದು ಎತ್ತಿನ ಹೆಗಲು ಕಿತ್ತಿತು. ರಕ್ತ ಕಂಡದ್ದೇ ದಾನವ್ವ ಬೆಂಕಿಯಾದಳು. ಮಂದಿಯೆಲ್ಲ ನೋಡುತ್ತಿದ್ದರು.

“ನಿಮ್ಮ ಶೋಕಿಗೆ ನಮ್ಮ ಎತ್ತು ಸಾಯಬೇಕೇನ್ರಿ? ಆ ತಗಡು ಮಾರಿ ಎಮ್ಮಿ ಕಾಯಾಕ ಹೋಗ್ರಿ.”

ಅವನು ತಲೆಯ ಪಟಕಾ ಬಿಚ್ಚಿ ಎತ್ತಿನ ಗಾಯ ಒರೆಸಿದ. ಜೀಪು ದಡ ಸೇರಿದ್ದೇ ಹತ್ತಿ ಹೋದ.

ಎರಡು ಸೋಮವಾರ ಕಳೆದವು. ಜೀಪು ಬರಲಿಲ್ಲ. ಗಾಳಿ ಬೀಸಿದರೂ ದಾನವ್ವನಿಗೆ ಇಂಜಿನ್ನಿನ ಸದ್ದು. ಆಮೇಲೆ ಹಳೇ ಕಬ್ಬಿಣ ಕೊಳ್ಳಲು ಉಸ್ಮಾನಸಾಬ ಊರಿಗೆ ಬಂದ. ಬಾವಿಯ ಹತ್ತಿರ ನೀರು ಕುಡಿದು ತಲೆಯೆತ್ತಿದವನು ಹಾಗೇ ನಿಂತುಬಿಟ್ಟ.

“ಯವ್ವಾ, ಆ ದಂಡ ಇಲ್ಲೈತಲ್ಲ! ಹ್ವಾದ ವರ್ಷ ಹಳೇ ಮುರುಕು ಮೋಡಕಾ ಸಾಮಾನಿನಾಗ ನಿಮ್ಮಪ್ಪಗ ನಾನ ಮಾರೀನಿ. ಏನಂತ ನನಗ ಗೊತ್ತಿರಲಿಲ್ಲ. ಅದಿಲ್ದ ಮಹಾಲಿಂಗಪ್ಪ ಗಾಡಿ ಬಿಚ್ಚಾಕ ಕುಂತಾನ.”

ದಾನವ್ವ ಮೇಲೆ ನೋಡಿದಳು. ರಾಟೆ ತಿರುಗುತ್ತಿದ್ದುದೇ ಆ ದಂಡದ ಮೇಲೆ!

ಅವನು ಮೊದಲ ದಿನವೇ ಗುರುತಿಸಿದ್ದ. ಬಾವಿಯ ಕೆಲಸ ನಿಂತೀತೆಂದೇ ದಂಡ ಕೇಳಿರಲಿಕ್ಕಿಲ್ಲ. ಅವನ ಗಾಡಿಯ ಬಲ ತನ್ನ ಮನೆಯಲ್ಲಿ ನೀರು ಸೇದುತ್ತಿರುವಾಗ, ತಾನು ಅವನನ್ನು ಊರ ಮುಂದೆ ಎಮ್ಮೆ ಕಾಯಲು ಕಳಿಸಿದ್ದಳು... ನಾಚಿಕೆಯಿಂದ ಅವಳ ಮುಖ ಎಷ್ಟು ಕಾದಿತೆಂದರೆ, ಅದರ ಮೇಲೆ ಇಡೀ ಮಾಸೂರಿಗೆ ರೊಟ್ಟಿ ಬೇಯಿಸಬಹುದಿತ್ತು!

ಅಂದೇ ರಾಟೆಗೆ ಜಾಲಿ ಮರದ ಅಚ್ಚು ಹಾಕಿಸಿದಳು. ಮರುದಿನ ಅಪ್ಪ ಎತ್ತಿಗೆ ಹಿಂಡಿ ತರಲು ಹಿರೇಕೆರೂರಿಗೆ ಬಂಡಿ ಕಟ್ಟಿದಾಗ, ದಂಡವನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಾನೂ ಏರಿದಳು.

ಕುಲುಮೆಯಲ್ಲಿ ಜೀಪಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಬಿಚ್ಚಿಟ್ಟ ಎರಡು ಗಾಲಿ.

“ಹೊರಗ ಬರಬ್ಯಾಡ್ರಿ,” ಎಂದಳು. “ಕಾಲಿಗೇ ಹೇಳ್ತೇನಿ. ಮಾರಿಗೆ ಹೇಳೋವಷ್ಟು ಧೈರ್ಯ ನನಗಿಲ್ಲ. ದಂಡ ತಂದೇನಿ. ನಾ ಆಡಿದ್ದು ತಪ್ಪಾತ್ರಿ.”

ಕಾಲುಗಳು ಅಲುಗಲಿಲ್ಲ.

“ನೋಡೀನೂ ಯಾಕ ಕೇಳಲಿಲ್ರಿ?”

ಕೆಳಗಿನಿಂದ ದನಿ ಬಂತು. “ಕೇಳಿದ್ರ ನೀವು ಬಿಚ್ಚಿ ಕೊಡ್ತಿದ್ರಿ. ಆಮ್ಯಾಲ ನಿಮ್ಮೂರಾಗ ಸಿಕ್ಕೊಳ್ಳಾಕ ನನಗ ನೆಪ ಇರತಿರಲಿಲ್ಲ. ಮೊದಲನೇ ಸಲ ಖರೇನ ಸಿಕ್ಕೊಂಡಿದ್ದೆ. ಉಳಿದ ಎರಡ ಸಲ ಬೇಕಂತನ ಇಳಿಸಿದೆ. ಆ ಎತ್ತಿನ ಹೆಗಲ ನೋಡಿದ ಮ್ಯಾಲ... ನಿಮ್ಮ ಮಾರಿ ನೋಡೋ ಯೋಗ್ಯತಾ ನನಗ ಉಳೀಲಿಲ್ರಿ.”

ದಾನವ್ವನಿಗೆ ಒಂದು ಕ್ಷಣ ಸಿಟ್ಟು ಬಂತು. ಆದರೆ ತನ್ನ ನಾಚಿಕೆಯ ಪಕ್ಕದಲ್ಲೇ ಅವನದೂ ಬಂದು ಕೂತಿದ್ದಕ್ಕೆ ಎದೆ ಹಗುರವಾಯಿತು. ಕೂತು, ಕಂಬಳಿ ಬಿಚ್ಚಿ, ದಂಡವನ್ನು ಜೀಪಿನ ಕೆಳಗೆ ಸರಿಸಿದಳು. ಮಸಿಯ ಕೈಯೊಂದು ಬಂದು ಅದನ್ನು ಹಿಡಿಯಿತು. ಅವಳು ತಟ್ಟನೆ ಬಿಡಲಿಲ್ಲ.

ಮುಂದಿನ ಸೋಮವಾರ ಜೀಪು ಮದಗದ ಕೆಸರಿಗಿಳಿಯಿತು. ನಾಲ್ಕೂ ಗಾಲಿ ದುಡಿದವು. ಕೆಸರು ಆಕಾಶಕ್ಕೆ ಹಾರಿ, ಹೋಗುವ ಮೋಡವೆಲ್ಲ ಕಪ್ಪಾಯಿತು! ದಡದಲ್ಲಿ ಕರಿಬಸಪ್ಪ ಎತ್ತಿನ ವಾಸಿಯಾದ ಹೆಗಲು ಸವರುತ್ತ ಬಾಯಿ ತೆರೆದು ನೋಡುತ್ತಿದ್ದ.

ಮಹಾಲಿಂಗಪ್ಪ ಜೀಪನ್ನು ದಡಕ್ಕೆ ಹತ್ತಿಸಿ ಇಳಿದು, ಅಪ್ಪನಿಂದ ತುಸು ದೂರ ನಿಂತಿದ್ದ ದಾನವ್ವನ ಹತ್ತಿರ ಬಂದ.

“ಇನ್ನ ಸಿಕ್ಕೊಳ್ಳಂಗಿಲ್ಲ. ಬರಾಕ ನೆಪಾನೂ ಇಲ್ರಿ.”

“ನೆಪ ಬ್ಯಾಡ. ಅಪ್ಪನ್ನ ಮಾತಾಡಸಾಕ ಮನಿಗೆ ಬರ್ರಿ,” ಎಂದು ದಾನವ್ವ ಸೆರಗು ಸರಿಪಡಿಸಿಕೊಂಡಳು. “ಆದರ ಈ ಸಲ ರಾಟಿ ನೋಡಬ್ಯಾಡ್ರಿ.”

ಅಂದು ಬಾವಿಯ ಬಳಿ ಅವನು ರಾಟೆ ನೋಡಲಿಲ್ಲ. ಅವಳನ್ನೇ ನೋಡಿದ.