ಸೋರೆಬಳ್ಳಿಯ ಗಂಡುಹೂಗಳು

ಶಾಂಭವಿಯ ಸೋರೆಬಳ್ಳಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಜೇವರ್ಗಿಯ ಬಿಸಿಲಿಗೆ ಹಸಿರು ಬಲೆಯ ನೆರಳು, ಬುಡಕ್ಕೆ ತೊಗರಿ ಹೊಟ್ಟಿನ ಹಾಸಿಗೆ, ಆಗಾಗ ಬೇವಿನ ಹಿಂಡಿ. ಇಷ್ಟು ಉಪಚಾರ ಮಾಡಿಸಿಕೊಂಡೂ ಅದು ಬೆರಳುದ್ದದ ಕಾಯಿ ತೋರಿಸಿ, ಹಳದಿಯಾಗಿಸಿ, ಉದುರಿಸುತ್ತಿತ್ತು.

ಭಾನುವಾರ ಆಳಂದದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೂ ಅವಳಿಗೆ ಸಿಟ್ಟಿತ್ತು. ಆದರೆ ಬಳ್ಳಿಯನ್ನು ಬಯ್ಯುವುದು ಸುಲಭ, ಅದು ಅಪ್ಪನಿಗೆ ಹೋಗಿ ಹೇಳುವುದಿಲ್ಲ.

ಸಿಟ್ಟಿನ ಅಸಲು ಕಾರಣ ಪಕ್ಕದ ಮನೆಯಲ್ಲಿತ್ತು. ಹೆಸರು ಅರುಣಕುಮಾರ. ಬೈಕಿನ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವನು. ಬೆಳಿಗ್ಗೆ ಅವಳು ಲ್ಯಾಬಿನ ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಎರಡು ಮನೆಗಳ ನಡುವಿನ ಪರಸಿಕಲ್ಲಿನ ಗೋಡೆಯ ಮೇಲೆ ಗದ್ದ ಊರಿ ನಿಲ್ಲುತ್ತಿದ್ದ. ಬಿಸಿಲಿನ ಬಗ್ಗೆ ಮಾತಾಡುತ್ತಿದ್ದ, ಕರೆಂಟಿನ ಬಗ್ಗೆ ಮಾತಾಡುತ್ತಿದ್ದ, ಟಯರಿನ ರೇಟಿನ ಬಗ್ಗೆಯಂತೂ ಮನಮುಟ್ಟುವಂತೆ ಮಾತಾಡುತ್ತಿದ್ದ. ಅವಳು ಕೇಳಬಯಸಿದ ಒಂದು ಮಾತು ಮಾತ್ರ ಇನ್ನೂ ಹೊರಬಿದ್ದಿರಲಿಲ್ಲ.

ಅಂದು ಲ್ಯಾಬಿನಿಂದ ಬೇಗ ಬಂದಳು. ಹೊತ್ತು ಮುಳುಗುತ್ತಿತ್ತು, ಸೋರೆಯ ಬಿಳಿ ಹೂಗಳು ಆಗಷ್ಟೇ ಬಿರಿಯುತ್ತಿದ್ದವು. ಗೋಡೆಯಾಚೆಯಿಂದ ಒಂದು ಕೈ ಬಂತು. ಒಂದು ಹೂವು ಕಿತ್ತಿತು. ಸ್ವಲ್ಪ ಯೋಚಿಸಿ ಇನ್ನೊಂದು ಕಿತ್ತಿತು.

"ಏನ್ ಮಾಡಾಕತ್ತೀರಿ?"

ಕೈ ಗಾಳಿಯಲ್ಲೇ ನಿಂತಿತು. ನಿಧಾನಕ್ಕೆ ಮುಖವೂ ಎದ್ದು ಬಂತು.

"ಅವ್ವನ ಲಿಂಗಪೂಜಿಗ್ರಿ. ನಮ್ಮ ನಂದಿಬಟ್ಟಲ ಒಣಗ್ಯದ. ಬಿಳಿ ಹೂವು ಬೇಕಲ್ಲ..."

"ದಿನಾ ಹರೀತೀರೇನು?"

"ದಿನಾ. ಆದ್ರ ಬರೋಬ್ಬರಿ ನೋಡಿ ಹರೀತೇನಿ," ಎಂದ ಅವನ ದನಿಯಲ್ಲಿ ಹೆಮ್ಮೆಯಿತ್ತು. "ಬುಡಕ ಸಣ್ಣ ಕಾಯಿ ಇದ್ದ ಹೂವು ಮುಟ್ಟಂಗೇ ಇಲ್ಲ. ಬರೇ ಹೂವಷ್ಟ ಇದ್ದವು ತಗೋತೇನಿ. ನಿಮಗ ಲುಕ್ಸಾನ ಆಗಬಾರದಲ್ರಿ."

ಶಾಂಭವಿ ಕಣ್ಣು ಮುಚ್ಚಿಕೊಂಡಳು.

"ಅವು ಗಂಡುಹೂವ್ರಿ."

"ಹಾಂ?"

"ಕಾಯಿ ಇದ್ದದ್ದು ಹೆಣ್ಣು, ಇಲ್ಲದ್ದು ಗಂಡು. ಗಂಡಿನ ಪುಡಿ ಮುಟ್ಟಲಿಲ್ಲ ಅಂದ್ರ ಕಾಯಿ ನಿಲ್ಲಂಗಿಲ್ಲ. ಇದ್ದಬದ್ದ ಗಂಡಸರನ್ನೆಲ್ಲ ಆರಿಸಿ ಆರಿಸಿ ದೇವರಿಗೆ ಏರ್ಸೀರಿ! ಸಂತಿ ಹೂವು ನಡೆಂಗಿಲ್ಲೇನು ನಿಮ್ಮವ್ವಗ?"

ಅವನ ಕಿವಿಗಳು ಕೆಂಪಾದವು. ಗೋಡೆಯ ಮೇಲಿಟ್ಟಿದ್ದ ತಟ್ಟೆಯ ಹೂಗಳನ್ನು ಸಾಮೂಹಿಕ ಹತ್ಯೆ ಮಾಡಿದವನಂತೆ ನೋಡಿದ.

"ಈಗೇನ್ ಮಾಡೂದ್ರಿ?"

ಅವಳು ಒಂದು ಹೂವು ಎತ್ತಿ ಎಸಳು ಬಿಡಿಸಿ ಅವನ ಕೈಗಿತ್ತಳು. "ಇದನ್ನ ಆ ಹೆಣ್ಣುಹೂವಿನ ನಡಕ ಮುಟ್ಟಸ್ರಿ. ಮೆತ್ತಗ! ನಟ್ಟು ಬಿಗಿಯಾಕತ್ತೀರೇನು?"

ಅವನು ಉಸಿರು ಹಿಡಿದು ಗೋಡೆಯ ಮೇಲಿಂದಲೇ ಬಗ್ಗಿದ. ಎಲೆಗಳ ನಡುವೆ ಇಬ್ಬರ ತಲೆಗಳೂ ಹತ್ತಿರ ಬಂದವು. ಅವನ ಹುಬ್ಬಿನ ಮೇಲೆ ಹಳದಿ ಪುಡಿ ಅಂಟಿತ್ತು. ಒರೆಸಬೇಕೆನ್ನಿಸಿತು. ಒರೆಸಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ಭಾನುವಾರ ಯಾರೋ ಬರ್ತಾರಂತ?" ಹೂವಿಗೇ ಕೇಳಿದಂತೆ ಕೇಳಿದ.

"ಆಳಂದದವರು."

"ಒಳ್ಳೇ ಮಂದಿಯೇನ್ರಿ?"

"ಮಂದಿ ಹೂವು ಕದಿಯಂಗಿಲ್ಲಂತ."

ಅವನು ಇನ್ನೊಂದು ಹೂವಿಗೆ ಹೋದ. ಮುಗಿಸಿದ. ಮತ್ತದೇ ಹೂವಿಗೆ ಮರಳಿ ಬಂದ.

"ನೀವು ಹೂಂ ಅಂತೀರೇನ್ರಿ?"

"ಬ್ಯಾರೆ ಯಾರೂ ಕೇಳಿಲ್ಲ ಅಂದ್ರ ಏನ್ ಅನ್ಲಿ?"

ಆಗ ಅವನು ತಲೆಯೆತ್ತಿದ. ಟಯರು, ಕರೆಂಟು, ಬಿಸಿಲು ಯಾವುದೂ ಇಲ್ಲದ ನೋಟ. ಅವಳು ಎಲೆಯೊಂದನ್ನು ಸುಮ್ಮನೆ ಹೊರಳಿಸಿ ನೋಡಿದಳು.

"ಅವ್ವಗ ಸಂತಿ ಹೂವು ನಡೀತಾವ್ರಿ," ಎಂದ. "ಸಂಜಿಕ ನೀವು ಬಂದೀರೇನು ಅಂತ ನೋಡಾಕ ಬರ್ತಿದ್ದೆ. ನೀವು ಇರ್ತಿರಲಿಲ್ಲ. ಬರಿಗೈಲೆ ಹ್ಯಾಂಗ ಹೋಗೂದು ಅಂತ ಹರಕೊಂಡು ಹೋಗ್ತಿದ್ದೆ."

ಶಾಂಭವಿ ಹಿಡಿದಿದ್ದ ಎಲೆಯನ್ನು ಕೈಬಿಟ್ಟಳು. "ಅಂದ್ರ ನನ್ನ ಬೆಳಿಯೆಲ್ಲ ಹಾಳಾಗಿದ್ದು ಒಂದು ನೆವಕ್ಕ?"

"ಹೌದ್ರಿ."

"ಬಾಯಿ ಬಿಟ್ಟು ಹೇಳಿದ್ರ ಇಷ್ಟೊತ್ತಿಗೆ ಸೋರೆಕಾಯಿ ಪಲ್ಯಾ ಆದ್ರೂ ಆಗಿರ್ತಿತ್ತು!"

"ಈಗ ಹೇಳ್ತೇನಿ. ನನ್ನ ಲಗ್ನ ಆಗ್ರಿ."

ಇದನ್ನೇ ಕೇಳಲು ಅವಳು ಎಷ್ಟೋ ಬೆಳಗು ಬಸ್ಸು ತಪ್ಪಿಸಿಕೊಂಡಿದ್ದಳು. ಈಗ ಕೇಳಿದ ಮೇಲೆ ನಗು ತಡೆಯುವುದೇ ಕಷ್ಟವಾಯಿತು. ಅಷ್ಟರಲ್ಲಿ ಅವನು ಗೋಡೆಗೆ ಕಾಲೆತ್ತಿದ್ದ.

"ಬದನಿ ಸಸಿ ಅದಾವ ಅಲ್ಲಿ, ತುಳೀಬ್ಯಾಡ್ರಿ! ಮುಂದಿನ ಬಾಗಲಿಗೆ ಬರ್ರಿ. ಅಪ್ಪಗ ಕೇಳ್ರಿ."

ಮುಖ ಮಾಯವಾಯಿತು. ಅವಳು ಕೈ ತೊಳೆದು ಒಳಗೆ ಬಂದು ಅಡುಗೆಮನೆಯ ಬಾಗಿಲಿಗೆ ಕಿವಿಗೊಟ್ಟಳು. ಅಪ್ಪ ಮಲ್ಲಣ್ಣ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಹೊರಗೆ ಚಪ್ಪಲಿ ಬಿಡುವ ಸದ್ದು. ಗಂಟಲು ಸರಿಪಡಿಸಿಕೊಳ್ಳುವ ಸದ್ದು.

"ಬಾರಪ್ಪ ಅರುಣಾ. ಏನು ಬಂದಿ?"

"ಏನಿಲ್ರಿ ಕಾಕಾ. ಅದು... ನಿಮ್ಮಲ್ಲಿ ನಳಾದ ನೀರು ಬಂದಾವೇನ್ರಿ?"

ಶಾಂಭವಿ ಹಣೆಯನ್ನು ಚೌಕಟ್ಟಿಗೆ ಒರಗಿಸಿದಳು. ಈ ಮನುಷ್ಯನ ಜೊತೆ ಜನ್ಮವಿಡೀ ಹೀಗೇ ಇರುತ್ತದೆ ಎಂಬುದು ಅವಳಿಗೆ ನಿಚ್ಚಳವಾಗಿ ಕಂಡಿತು. ಸೆರಗು ಸರಿಪಡಿಸಿಕೊಂಡು ಪಡಸಾಲೆಗೆ ನಡೆದಳು.

"ನಳಾ ಅಲ್ಲಪ್ಪಾ. ನನ್ನ ಕೇಳಾಕ ಬಂದಾರ."

ಮಲ್ಲಣ್ಣ ಪೇಪರು ಮಡಚಿದರು. ಹುಡುಗನನ್ನು ನೋಡಿದರು, ಮಗಳನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು.

"ಇದನ್ನ ಹಿರ್ಯಾರು ಬಂದು ಕೇಳಬೇಕಲ್ಲೋ?"

"ಹಿರ್ಯಾಕಿ ಬರಾಕತ್ತಾಳ ಮಲ್ಲಣ್ಣಾ," ಅಂಗಳದಿಂದ ಅರುಣನ ಅವ್ವ ಸುಭದ್ರಾಬಾಯಿಯ ದನಿ ಬಂತು. "ಮಗ ಓಡಿದಂಗ ನನ್ನ ಮೊಣಕಾಲು ಓಡಂಗಿಲ್ಲ."

ಮಲ್ಲಣ್ಣ ನಿಟ್ಟುಸಿರಿಟ್ಟು ಕನ್ನಡಕ ತೆಗೆದರು.

"ಶಾಂಭವೀ, ಅವರಿಗೆ ಕುರ್ಚಿ ಹಾಕು. ಆಮ್ಯಾಲ ಆಳಂದಕ್ಕ ಫೋನ್ ಹಚ್ಚಿ ಕೊಡು."