ಸಹಸ್ರಲಿಂಗದಲ್ಲಿ ಕಳೆದ ಬಾವುಟ

ಚೀಲ ಇತ್ತು. ಚೀಲದೊಳಗಿನ ಬಾವುಟ ಇರಲಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಸೌಮ್ಯ ಚೀಲವನ್ನು ಮತ್ತೆ ಮತ್ತೆ ಕೊಡವಿದಳು. ಉದುರಿದ್ದು ಒಂದು ಬಾಚಣಿಗೆ, ಒಂದು ಪೇರಲೆ ಹಣ್ಣು. ಎಂಟನೇ ತರಗತಿಯ ಆ ಹುಡುಗಿ ಅಳಲಿಲ್ಲ. ಅದನ್ನು ಕಂಡೇ, ಶಾಲಾ ಪ್ರವಾಸಕ್ಕೆ ಕರೆತಂದಿದ್ದ ಶಿಕ್ಷಕಿ ಮಮತಾ ಅಕ್ಕೋರಿಗೆ ಹೆಚ್ಚು ಹೆದರಿಕೆಯಾಯಿತು.

ಅದು ಅಂಗಡಿಯಲ್ಲಿ ಕೊಂಡ ಬಾವುಟವಲ್ಲ. ಹೋದ ವರ್ಷ ಗಡಿಯಲ್ಲಿ ತೀರಿಕೊಂಡ ಯೋಧ ನಾಗಪತಿಯ ಮೇಲೆ ಹೊದಿಸಿದ್ದು. ಸೈನ್ಯದವರು ಮಡಚಿ ಮನೆಯವರ ಕೈಗಿತ್ತದ್ದು. ನಾಗಪತಿಯ ಮಗಳೇ ಸೌಮ್ಯ. ಸಹಸ್ರಲಿಂಗ, ಬನವಾಸಿ ನೋಡಿ, ಕೊನೆಗೆ ಗುಡ್ನಾಪುರದ ಕೆರೆ ದಂಡೆಯಲ್ಲಿ ಅದನ್ನು ಬಿಚ್ಚಿ ಹಿಡಿದು ರಾಷ್ಟ್ರಗೀತೆ ಹಾಡೋಣ ಎಂದವರು ಮಮತಾ. ಜೋಪಾನವಾಗಿ ವಾಪಸು ತರುತ್ತೇನೆಂದು ಸೌಮ್ಯಳ ತಾಯಿಗೆ ಮಾತು ಕೊಟ್ಟವರೂ ಅವರೇ. ಬೇರೆಯವರ ದುಃಖವನ್ನು ಪ್ರವಾಸಕ್ಕೆ ಹೊರಡಿಸುವ ಉಸಾಬರಿ ಬೇಕಿತ್ತೇ? ಈಗ ಯೋಚಿಸುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

"ಜಟ್ಟಪ್ಪ, ನೀವು ಬಸ್ಸಲ್ಲೇ ಇದ್ರಲ್ಲ?"

"ಇದ್ದೆ ಅಕ್ಕೋರೆ," ಚಾಲಕ ತಲೆ ಕೆರೆದುಕೊಂಡ. "ಮಧ್ಯ ಒಂಚೂರು ಕಣ್ಣು ಹತ್ತಿತ್ತು."

"ಊಟದ ಹೊತ್ತಿಗೆ ಯಾರು ಹತ್ತಿದ್ರು?"

"ಕಂಡದ್ದು ಇಬ್ರನ್ನೇ. ಸಂಜಯ ಚೆಂಡು ತಗೊಂಡು ಹೋದ. ಅಡುಗೆ ದುರ್ಗಮ್ಮ ಮಜ್ಜಿಗೆ ಕ್ಯಾನು ಒಯ್ದ್ರು. ಅವ್ರನ್ನ ಬಿಡಿ — ನಾಗಪತಿ ಹೆತ್ತ ತಾಯಿ, ಈ ಹುಡುಗಿ ಅಜ್ಜಿ. ಅವ್ರಿಗೆಂತಕ್ಕೆ ಕದಿಯೂ ಕೆಲ್ಸ?"

ಎಲ್ಲರ ಕಣ್ಣೂ ಸಂಜಯನ ಮೇಲೆ ಬಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಬಾವುಟ ಮುಟ್ಟಲು ಕೇಳಿ, ಸೌಮ್ಯಳಿಂದ ಬೈಸಿಕೊಂಡವನು ಅವನೇ.

"ನೀನು ತೆಗೆದೆಯಾ?"

"ಇಲ್ಲ ಅಕ್ಕೋರೆ! ಮುಟ್ಟೂಕೆ ಕೇಳಿದ್ದೆ, ಅವ್ಳು ಕೊಡ್ಲಿಲ್ಲ. ಅಷ್ಟಕ್ಕೇ ನಾ ಕಳ್ಳ ಆದ್ನಾ?"

"ಚೆಂಡು ತಗೊಂಡು ಎಲ್ಲಿಗೆ ಹೋದೆ? ಹೊಳೆಗಾ?"

"ಹೌದು, ಎಲ್ರೂ ಹೊಳೇಲೇ ಇದ್ದಿದ್ರು, ಆದ್ರೆ ಯಾರೂ ಆಳಕ್ಕೆ ಇಳೀಲಿಲ್ಲ. ನನ್ನ ಚಡ್ಡಿ ನೋಡಿ, ಅಂಚೂ ಒದ್ದೆ ಆಗ್ಲಿಲ್ಲ. ಮೊಣಕಾಲಿಂದ ಮೇಲೆ ನೀರು ಬಂದ್ರೆ ಸೀಟಿ ಊದ್ತೇನೆ ಅಂದದ್ದು ನೀವೇ ಅಲ್ವಾ?"

ಮಮತಾ ತಲೆಯಾಡಿಸಿದರು. ಹೌದು, ಅಂದದ್ದು ತಾನೇ. ಮಕ್ಕಳ ಸಾಲನ್ನೊಮ್ಮೆ ನೋಡಿದರು. ಎಲ್ಲರ ಕಾಲೂ ಒದ್ದೆ, ಎಲ್ಲರ ತಲೆಯೂ ಒಣ. ಆಮೇಲೆ ಕಣ್ಣು ಮರದಡಿಗೆ ಹೋಯಿತು. ಅಲ್ಲಿ ದುರ್ಗಮ್ಮ ತಟ್ಟೆಯ ಅನ್ನ ಮುಟ್ಟದೆ ಕೂತಿದ್ದರು. ಬಿಚ್ಚಿದ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಮತಾ ಹೋಗಿ ಪಕ್ಕದಲ್ಲಿ ಕೂತರು.

"ದುರ್ಗಮ್ಮ, ಮೀಯದೆ ಒಲೆ ಹಚ್ಚುವವರಲ್ಲ ನೀವು. ಬೆಳಿಗ್ಗೆ ಮಿಂದಾಗಿತ್ತಲ್ಲ?"

"ಹೌದು ಅಕ್ಕೋರೆ."

"ಮಜ್ಜಿಗೆ ಬಡಿಸಿ ಪಾತ್ರೆ ತೊಳೆಯಲು ಹೊಳೆಗೆ ಹೋದಿರಿ. ಪಾತ್ರೆ ತೊಳೆದವರಿಗೆ ಕೈ ಒದ್ದೆಯಾಗಬೇಕು, ಮಡಿಲು ಒದ್ದೆಯಾಗಬೇಕು. ತಲೆ ಯಾಕೆ ಒದ್ದೆಯಾಯ್ತು?"

ದುರ್ಗಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಮ್ಮ ಕಡೆ ನಡು ಮಧ್ಯಾಹ್ನ ಉಟ್ಟ ಬಟ್ಟೆಯಲ್ಲೇ ತಲೆ ಮೇಲೆ ಮೀಯುವುದು ಯಾವಾಗ? ಸಾವಿನ ಮನೆಗೆ ಹೋಗಿ ಬಂದಾಗ. ಹೆಣದ ಬಟ್ಟೆ ಮುಟ್ಟಿದಾಗ." ಮಮತಾ ಸ್ವರ ತಗ್ಗಿಸಿದರು. "ಬಾವುಟವನ್ನು ಬಸ್ಸಿಂದ ಸೆರಗಲ್ಲಿ ಮುಚ್ಚಿ ತಂದು, ಖಾಲಿ ಪಾತ್ರೆಯಲ್ಲಿಟ್ಟು ಒಯ್ದಿರಿ, ಅಲ್ವಾ?"

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹೆಣದ ಮೇಲಿನ ವಸ್ತ್ರ ಯಾರಾದ್ರೂ ಮನೇಲಿ ಇಟ್ಕೊಳ್ತಾರಾ ಅಕ್ಕೋರೆ? ಅಂವನ ಬಟ್ಟೆಬರೆ ಎಲ್ಲಾ ನೀರಿಗೆ ಬಿಟ್ವು. ಇದೊಂದು ಉಳೀತು. ಹುಡುಗಿ ದಿನಾ ಅದನ್ನೇ ಅಪ್ಪಿಕೊಂಡು ಮಲಗ್ತದೆ, ನಿದ್ದೆಯಲ್ಲಿ ಅಪ್ಪಾ ಅಪ್ಪಾ ಅಂತದೆ. ಹಾಗೆ ಕರೀತಿದ್ರೆ ಅಂವ ಹೋಗೂದು ಹೇಗೆ? ನನ್ನ ಮಗ ಬಾಗ್ಲಲ್ಲೇ ನಿಂತ್ಕೊಂಡಿದಾನೆ ಅನ್ಸೂದು. ಮನೇಲಿ ಸೊಸೆ ಅದನ್ನ ಮುಟ್ಟೂಕೆ ಬಿಡೂದಿಲ್ಲ. ಇಲ್ಲಿ ಹೊಳೆ ಉಂಟು, ಹೆಜ್ಜೆಗೊಂದು ಲಿಂಗ ಉಂಟು. ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಹುಡುಕ್ಲಿ?"

"ಬಿಟ್ಟೇ ಬಿಟ್ರಾ?"

"ಬಿಡೂಕೇ ಹೋದೆ. ನೀರು ಎಳೀತು. ನನ್ನ ಕೈ ಬಿಡ್ಲಿಲ್ಲ." ದುರ್ಗಮ್ಮ ಬಿಕ್ಕಿದರು. "ಹೊಳೆಯೊಳಗಿನ ಆ ಸಣ್ಣ ಕಲ್ಲು ಬಸವನ ಹಿಂದೆ, ಕಲ್ಲಿನಡಿ ಇಟ್ಟು ಬಂದೆ."

ಬೆನ್ನ ಹಿಂದೆ ತರಗೆಲೆ ಸದ್ದಾಯಿತು. ಸೌಮ್ಯ ಕೇಳಿಸಿಕೊಂಡಿದ್ದಳು. ಎದ್ದುಬಿದ್ದು ಹೊಳೆಗೆ ಓಡಿದಳು.

ಬೆಳಿಗ್ಗೆ ಅದೇ ಬಂಡೆಗಳ ನಡುವೆ ನಿಂತು ಮಮತಾ ಎದೆಯುಬ್ಬಿಸಿ ಹೇಳಿದ್ದರು: ಹರಿಯುವ ಹೊಳೆಯ ನಡುವೆ ಇಷ್ಟು ಲಿಂಗ ಕೆತ್ತಿದ ಕೈಗಳು ನಮ್ಮ ನೆಲದವು, ಇಷ್ಟು ಮಳೆಗಾಲ ಕಳೆದರೂ ನೀರಿಗೆ ಅದನ್ನು ಅಳಿಸಲಾಗಲಿಲ್ಲ ಮಕ್ಕಳೇ. ಈಗ ಹುಡುಗಿ ಸೊಂಟದವರೆಗೆ ನೀರಿಗಿಳಿದರೂ ಮಮತಾ ಸೀಟಿ ಊದಲಿಲ್ಲ. ತಾವೂ ಹಿಂದೆಯೇ ಇಳಿದು ಅವಳ ರಟ್ಟೆ ಹಿಡಿದುಕೊಂಡರು.

ಕಲ್ಲು ಸರಿಯಿತು. ಬಾವುಟ ಬಂತು. ಹರಿದಿರಲಿಲ್ಲ, ಬಣ್ಣವೂ ಮಾಸಿರಲಿಲ್ಲ. ದಡದಲ್ಲಿದ್ದ ಮಕ್ಕಳು ಹೋ ಎಂದರು. ಸದ್ಯ, ಮಾತು ಉಳಿಯಿತು ಎಂದು ಮಮತಾ ಉಸಿರುಬಿಟ್ಟರು.

ಸೌಮ್ಯ ಅದನ್ನು ಮೂಗಿಗೆ ಒತ್ತಿಕೊಂಡಳು. ಮಗುಚಿ, ಇನ್ನೊಂದು ಮಗ್ಗುಲಿಗೂ ಮೂಗು ಒತ್ತಿದಳು.

"ತೊಳೆದ್ಬಿಟ್ಯಾ ಅಜ್ಜಿ?"

ದಡದವರೆಗೆ ಬಂದಿದ್ದ ದುರ್ಗಮ್ಮ ಅಲ್ಲೇ ನಿಂತರು.

"ಅಪ್ಪ ಬಂದ ದಿನದ ವಾಸನೆ ಇತ್ತು ಇದ್ರಲ್ಲಿ. ಹೂವಿಂದು, ಊದುಬತ್ತೀದು. ಹೋಗಿಬಿಡ್ತದೆ ಅಂತ ಅಮ್ಮಂಗೂ ತೊಳೆಯೂಕೆ ಕೊಡ್ಲಿಲ್ಲ. ಅದಕ್ಕೇ ಸಂಜಯಂಗೂ ಮುಟ್ಟೂಕೆ ಕೊಡ್ಲಿಲ್ಲ. ಈಗ ಬರೀ ಹೊಳೆ ವಾಸನೆ."

ಆಗ ಅತ್ತಳು. ಒಂದು ವರ್ಷದ ಅಳು. ಮಮತಾರಿಗೂ ಕಣ್ಣು ತುಂಬಿ ಲಿಂಗ, ಬಂಡೆ ಒಂದೂ ಕಾಣಲಿಲ್ಲ. ಕಳ್ಳರನ್ನು ಹಿಡಿದದ್ದೇನೋ ಹೌದು. ಕಳೆದದ್ದನ್ನು ತಂದುಕೊಡಲು ಅವರಿಂದ ಆಗಲಿಲ್ಲ.

ಬಾವುಟ ಒಣಗಬೇಕು, ನೆಲಕ್ಕೆ ತಾಗಬಾರದು. ಸೌಮ್ಯ ಒಂದು ಮೂಲೆ ಹಿಡಿದಳು. ಎರಡನೆಯದನ್ನು ಸಂಜಯನತ್ತ ಚಾಚಿದಳು. ಅವನು ಅಂಗಿಗೆ ಕೈ ಒರೆಸಿಕೊಂಡು ಹಿಡಿದ. ಮೂರನೆಯದು ಮಮತಾರ ಕೈಗೆ ಬಂತು. ನಾಲ್ಕನೆಯದು ಜೋತುಬಿತ್ತು.

"ಹಿಡಿ ಅಜ್ಜಿ. ನೆಲಕ್ಕೆ ತಾಗ್ತದೆ."

ದುರ್ಗಮ್ಮ ಎರಡು ಕೈಯಲ್ಲೂ ಹಿಡಿದರು. ಬಿಸಿಲು ಇಳಿಯುವವರೆಗೂ ಬಿಡಲಿಲ್ಲ.

ಬಸ್ಸು ಅಂದು ಬನವಾಸಿಗೆ ಹೋಗಲಿಲ್ಲ. ಬಾವುಟ ಮುಟ್ಟಿದ್ದಕ್ಕೆ ದುರ್ಗಮ್ಮ ಈ ಸಲ ಮೀಯಲಿಲ್ಲ.